ಗೋಡೆಗೆ ಗುದ್ದಿದವರೆಲ್ಲ ಪಾಸು

ಕಾರ್ಮೆಲ್ ವ್ಯಾಲಿಯ ಕನ್ನಡದ ಹೆಂಗಸರಲ್ಲಿ ಮುಕ್ಕಾಲು ಪಾಲು ಜನಕ್ಕೆ ಕಾರು ಕಲಿಸಿದವರು ಮೈಸೂರಿನ ರಯೀಸಾ ಆಂಟಿ. ಕಲಿಸುತ್ತಿದ್ದುದು ಊರಾಚೆಯ ಹಳೆಯ ಸುಂಕದ ರಸ್ತೆಯಲ್ಲಿ. ಕುದುರೆಗಾಡಿಗಳಿಂದ ಸುಂಕ ಎತ್ತುತ್ತಿದ್ದ ಕಾಲದ ರಸ್ತೆ ಅದು. ಪಕ್ಕದಲ್ಲಿ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ, ಗೋಡೆ ಮುಗಿದಲ್ಲಿ ತುಕ್ಕು ಹಿಡಿದ ಕಬ್ಬಿಣದ ಕಂಬಿ. ಆಂಟಿಯ ಪಾಠ ಒಂದೇ: "ಕಂಬಿಗೂ ಕನ್ನಡಿಗೂ ಮಧ್ಯೆ ಒಂದು ಮೊಳ ಬಿಡಮ್ಮ. ಆಮೇಲೆ ಫ್ರೀವೇ ಏನು, ಎಲ್ಲಿ ಬೇಕಾದ್ರೂ ಹೋಗ್ತೀಯ."

ಎಲ್ಲರೂ ಮೊಳ ಬಿಡುತ್ತಿರಲಿಲ್ಲ. ನೀರಜಾ ಮೊದಲ ದಿನವೇ ರಿವರ್ಸ್ ತೆಗೆಯಲು ಹೋಗಿ ಹನ್ನೊಂದು ಕಲ್ಲು ಉರುಳಿಸಿ ಅಳುತ್ತ ಕೂತಳು.

"ಅಳೋದು ಆಮೇಲೆ. ಇಳಿ, ಕಲ್ಲೆತ್ತು" ಎಂದರು ಆಂಟಿ.

ಬೀಳಿಸಿದವರೇ ಕೂರಿಸಬೇಕು, ಅದು ಅವರ ಕಾನೂನು. ತಿರುಗಿಸಿ ಮುರುಗಿಸಿ ಹೊಂದಿದ ಕಲ್ಲಿನ ಅಡಿಗೆ ಆಂಟಿ ಸ್ಕ್ರೂಡ್ರೈವರಿನಿಂದ ಅಂಕಿ ಗೀರುತ್ತಿದ್ದರು, ಇನ್ನೊಬ್ಬಳು ಅಲ್ಲೇ ಗುದ್ದಿದರೆ ಹುಡುಕಾಟ ತಪ್ಪಲಿ ಎಂದು. ಕನ್ನಡ ಶಾಲೆಯಲ್ಲಿ ಪಳಗಿದ ಕೈ, ಅಂಕಿಯೂ ಕನ್ನಡದ್ದೇ.

೨೦೦೬ರಲ್ಲಿ ರಸ್ತೆ ಅಗಲ ಮಾಡಲು ಗೋಡೆ ಕೆಡವುವ ಮಾತು ಬಂತು. ನಿಜಕ್ಕೂ ಹಳೆಯದೆಂದು ಸಾಬೀತಾದರೆ ಮಾತ್ರ ಉಳಿಯುತ್ತದೆ. ಆಂಟಿ ತಾವೂ ಕಾರು ಕಲಿತದ್ದು, ಮೊದಲ ಕಲ್ಲು ಬೀಳಿಸಿದ್ದು ಅಲ್ಲೇ. ಈ ದೇಶದಲ್ಲಿ ನನ್ನದು ಎಂದುಕೊಂಡ ಮೊದಲ ಜಾಗ ಅದು. ಗೋಡೆ ಉಳಿಸಿಕೊಡಿ ಎಂದು ಕೂಡಲೇ ಅಪ್ಲೈ ಮಾಡಿದರು.

ಪರಿಶೀಲನೆಗೆ ಬಂದ ಬಿಳಿಗಡ್ಡದ ತಜ್ಞ ಒಂದು ಕಲ್ಲನ್ನು ಮಗುಚಿ ನೋಡಿದವನು ಕುಣಿಯುವುದೊಂದು ಬಾಕಿ. "ಹಳೆಯ ಕಲ್ಲುಕುಟಿಗರ ಗುರುತು! ಇಂಥದ್ದು ನಾನು ಕಂಡೇ ಇಲ್ಲ. ಇದೊಂದೇ ಸಾಕು, ಗೋಡೆ ಉಳಿದ ಹಾಗೇ!" ಎಂದು ಇಂಗ್ಲಿಷಿನಲ್ಲಿ ಕೂಗಿದ.

ಕಲ್ಲಿನ ಮೇಲಿದ್ದದ್ದು ೭. ನೀರಜಾ ಆಂಟಿಯ ಕೈ ಹಿಂಡಿ, "ಸುಮ್ನಿರಿ ಆಂಟಿ, ದಮ್ಮಯ್ಯ" ಎಂದು ಪಿಸುಗುಟ್ಟಿದಳು. ತಪ್ಪಾದರೆ ಗಾಡಿ ನಿಲ್ಲಿಸಿ ಹೇಳಿಬಿಡು ಎಂದು ಶಿಷ್ಯೆಯರಿಗೆ ಕಲಿಸಿದ ಬಾಯಿ ಎಷ್ಟು ಹೊತ್ತು ಸುಮ್ಮನಿದ್ದೀತು?

"ಅದು ಏಳು. ನಾನೇ ಗೀರಿದ್ದು, ಎರಡು ವರ್ಷದ ಹಿಂದೆ. ಗುದ್ದಿದ್ದು ಇವಳು" ಎಂದರು, ಅವನ ಇಂಗ್ಲಿಷಿನಲ್ಲೇ.

ತಜ್ಞನ ಮುಖ ಸಪ್ಪಗಾಯಿತು. ಬರೆದದ್ದನ್ನೆಲ್ಲ ಹೊಡೆದುಹಾಕಿದ. "ಇಂಥವು ಎಷ್ಟಿವೆ?"

"ಅರವತ್ತಮೂರು. ಬನ್ನಿ, ತೋರಿಸುತ್ತೇನೆ."

ಒಂದೊಂದನ್ನೂ, ಯಾರು ಯಾವಾಗ ಗುದ್ದಿದ್ದು ಎಂಬುದರ ಸಮೇತ ತೋರಿಸಿದರು. ಆತ ಮಂಡಿಯೂರಿ ಬೆರಳಾಡಿಸಿದ. ಹಳೆಯದೆಲ್ಲಿ ಮುಗಿಯಿತು, ಇವರದೆಲ್ಲಿ ಶುರುವಾಯಿತು, ಅವನಿಗೆ ತಿಳಿಯಲೇ ಇಲ್ಲ. ಕೊನೆಗೆ ನಗು ತಡೆಯಲಾಗಲಿಲ್ಲ.

"ಉಳಿದ ಗೋಡೆ?"

"ಅದನ್ನು ಇನ್ನೂ ಯಾರೂ ಗುದ್ದಿಲ್ಲ."

"ಹಾಗಾದರೆ ಗೋಡೆ ಹಳೆಯದು ಅನ್ನಲು ಅಷ್ಟೇ ಧಾರಾಳ ಸಾಕು" ಎಂದ.

ಗೋಡೆ ಉಳಿಯಿತು. ವರದಿಯ ಕೊನೆಯ ಸಾಲಿನಲ್ಲಿ ಹೀಗಿತ್ತು: ದುರಸ್ತಿ, ರಯೀಸಾ ಮತ್ತು ಶಿಷ್ಯೆಯರು. ನೀರಜಾ ಅದನ್ನು ಗಟ್ಟಿಯಾಗಿ ಓದಿದಾಗ ಆಂಟಿಯ ಕಣ್ಣು ತುಂಬಿಬಂತು.

"ಮೈಸೂರಲ್ಲಿ ರೇಷನ್ ಕಾರ್ಡ್ ಬಿಟ್ರೆ ನನ್ನ ಹೆಸರು ಎಲ್ಲೂ ಇರ್ಲಿಲ್ಲ ಕಣೆ" ಎಂದವರೇ ಸೆರಗಿನಲ್ಲಿ ಮೂಗೊರೆಸಿ, ಕಾರಿನ ಕೀ ಅವಳ ಕೈಗಿಟ್ಟರು. "ನಡಿ, ಲೈಸೆನ್ಸ್ ಬಂದು ಎರಡು ವರ್ಷ ಆಯ್ತು, ರಿವರ್ಸ್ ಮಾತ್ರ ಇನ್ನೂ ಬಂದಿಲ್ಲ ನಿಂಗೆ. ಅದೇ ಗೋಡೆ ಹತ್ರ ಹೋಗೋಣ."