ಎಲ್ಲರೂ ಚೆನ್ನಾಗಿದ್ದಾರೆ ಎಂದ ಹುಡುಗಿ

ನಾನು ಅಮೆರಿಕದ ಬೇ ಏರಿಯಾದ ಒಂದು ಕಾಲೇಜಿನಲ್ಲಿ ಸ್ಟೂಡೆಂಟ್ ಅಡ್ವೈಸರ್. ಮನೆಯವರೊಂದಿಗೆ ಸಂಬಂಧ ಕಡಿದುಹೋದ ವಿದ್ಯಾರ್ಥಿಗಳಿಗೆ ವಸತಿ, ಊಟ, ಒಂದಿಷ್ಟು ಧೈರ್ಯ ಹೊಂದಿಸಿಕೊಡುವುದು ನನ್ನ ಕೆಲಸ. ಎದುರಿಗಿದ್ದವರನ್ನು ಅಣಕಿಸುವುದು ನನ್ನ ಹುಟ್ಟುಗುಣ, ಅದಕ್ಕೆ ಸಂಬಳವಿಲ್ಲ.

ಡಿಸೆಂಬರ್ ರಜೆಯಲ್ಲಿ ನಮ್ಮ ಹಾಸ್ಟೆಲ್ ಮುಚ್ಚುತ್ತದೆ. ಹೋಗಲು ಮನೆಯಿಲ್ಲದವರು ಹೌಸಿಂಗ್ ಆಫೀಸಿಗೆ ಕಾರಣ ತಿಳಿಸಿದರೆ ರಜೆ ಮುಗಿಯುವವರೆಗೆ ಬೇರೆ ಕೊಠಡಿ ಸಿಗುತ್ತದೆ. ಕಳೆದ ವರ್ಷ ದೀಕ್ಷಾ ಎಂಬ ವಿದ್ಯಾರ್ಥಿನಿಗೆ ಮೊದಲ ಸಲ ಕೇಳಿದಾಗ ಸಿಗಲಿಲ್ಲ. ಹುಡುಗಿಯ ಹೆಸರು ಬದಲಿಸಿದ್ದೇನೆ. ಮಂಗಳೂರು ಮೂಲದ ಕುಟುಂಬ, ಟ್ರೇನಿನಲ್ಲಿ ಹೋಗುವಷ್ಟು ದೂರದ ಬೆರ್ರಿಯೆಸಾದಲ್ಲಿ ಮನೆ. ಅಪ್ಪ ನೋಡಿದ ಗಂಡನ್ನು ಒಲ್ಲೆನೆಂದ ಮೇಲೆ ಆ ಮನೆಗೆ ಅವಳು ಬೇಡವಾದಳು. ಆದರೆ ಹೌಸಿಂಗ್ ಮ್ಯಾನೇಜರ್ ಬ್ರಯನ್ "ಮನೆಯಲ್ಲಿ ಹೇಗಿದ್ದಾರೆ?" ಎಂದು ಕೇಳಿದಾಗ, ನಮ್ಮವರು ಯಾರೇ ಆದರೂ ಹೇಳುವುದನ್ನೇ ಹೇಳಿದ್ದಳು: "ಎಲ್ಲರೂ ಚೆನ್ನಾಗಿದ್ದಾರೆ." ಆತ ಸಂತೋಷಪಟ್ಟು ಬೆರ್ರಿಯೆಸಾಗೆ ಹೋಗುವ ಟ್ರೇನಿನ ಸಮಯ ತಿಳಿಸಿದ್ದ.

ಹಾಸ್ಟೆಲ್ ಮುಚ್ಚುವ ವಾರ ಬಂತು. ದೀಕ್ಷಾ ಬ್ರಯನ್‌ನನ್ನು ಮತ್ತೊಮ್ಮೆ ಕಾಣಲು ನಾನೇ ಸಮಯ ಪಡೆದೆ. ಅದಕ್ಕೆ ಮೊದಲು ನನ್ನ ಆಫೀಸಿನಲ್ಲಿ ರಿಹರ್ಸಲು. ನಾನು ಬ್ರಯನ್ ಆದೆ: ಕುರ್ಚಿ ತಿರುಗಿಸಿದೆ, ಗಂಟಲು ದಪ್ಪ ಮಾಡಿದೆ. ದೀಕ್ಷಾ ನಕ್ಕಳು. ಪ್ರಶ್ನೆ ಕೇಳಿದರೆ ಮತ್ತದೇ ಉತ್ತರ. ಆಮೇಲೆ ನನ್ನನ್ನೇ ಅಣಕಿಸಿಕೊಂಡೆ: ಏನು ಹೇಳಿದರೂ ದನದ ಹಾಗೆ ತಲೆಯಾಡಿಸುವ ಅಡ್ವೈಸರ್. ಇನ್ನೂ ಜೋರಾಗಿ ನಕ್ಕಳು. ಕೊನೆಗೆ ಕೈಕಟ್ಟಿ ಕುಳಿತು, ಕಣ್ಣು ನೆಲಕ್ಕಿಟ್ಟು ಅವಳೇ ಆದೆ: "ಎಲ್ರೂ ಚೆನ್ನಾಗಿದಾರೆ ಸರ್."

ನಗು ನಿಂತಿತು.

"ನಾನು ಹಿಂಗಾ ಮಾತಾಡೋದು?"

"ಸೇಮು. ನಾನೇ ಬ್ರಯನ್ ಆಗಿದ್ರೆ ಟ್ರೇನ್ ಹತ್ತಿಸಿ ಟಾಟಾ ಮಾಡ್ತಿದ್ದೆ."

"ಹೊರಗಿನವರ ಮುಂದೆ ಅಪ್ಪನ್ನ ಬೈಯೋಕೆ ಆಗಲ್ಲ ಅಣ್ಣಾ."

"ಯಾರಮ್ಮ ಬೈ ಅಂದಿದ್ದು? ಆಗಿದ್ದನ್ನ ಹೇಳು, ಸಾಕು."

ಮರುದಿನ ಬ್ರಯನ್ ಅದೇ ಪ್ರಶ್ನೆ ಕೇಳಿದ. ಜೊತೆಗೆ ಹೋಗಿದ್ದ ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಮಟ್ಟಿಗೆ ಅದೇ ಸಾಧನೆ. ದೀಕ್ಷಾ ನೇರವಾಗಿ ಅವನನ್ನು ನೋಡಿ ಇಂಗ್ಲಿಷಿನಲ್ಲಿ ಹೇಳಿದಳು: "ಅವರೆಲ್ಲ ಚೆನ್ನಾಗಿದ್ದಾರೆ. ಅಪ್ಪ ಬೀಗ ಬದಲಿಸಿದ್ದಾರೆ. ನನ್ನ ಕೀಲಿಗೆ ಆ ಬಾಗಿಲು ತೆರೆಯುವುದಿಲ್ಲ."

ಬ್ರಯನ್ ಕೊಠಡಿಯ ಫಾರಂ ಎಳೆದುಕೊಂಡ. ಕೊಠಡಿ ಅಂದೇ ಸಿಕ್ಕಿತು.

ನಮ್ಮವರಲ್ಲಿ "ಮನೆಯಲ್ಲಿ ಹೇಗಿದ್ದಾರೆ" ಎನ್ನುವುದು ಕೈಮುಗಿದ ಹಾಗೆ. ಎದುರಿನವರೂ ಕೈಮುಗಿದು ಸುಮ್ಮನಾಗುತ್ತಾರೆ. ಇದನ್ನು ಬ್ರಯನ್‌ಗೆ ಬಿಡಿಸಿ ಹೇಳಲು ಒಂದು ಕಾಫಿ ಖರ್ಚಾಯಿತು. ಈಗ ರಜೆಗೆ ಮುಂಚೆ ನಾವಿಬ್ಬರೂ ಕೇಳುವುದು ಒಂದೇ: "ರಜೆಯಲ್ಲಿ ಎಲ್ಲಿ ಉಳಿದುಕೊಳ್ಳುತ್ತೀಯ?" ಇದಕ್ಕೆ ಮರ್ಯಾದೆಯ ಸಿದ್ಧ ಉತ್ತರ ಇನ್ನೂ ಯಾರ ಬಳಿಯೂ ಇಲ್ಲ.