ಎರಡನೇ ವಾರ್ಡಿನ ಮೂವತ್ತೆಂಟು ಮೀಟರು

ಬೆಳಗಿನ ಆರು ಗಂಟೆ. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಬೆಳ್ಳಗೆ ಹೆಪ್ಪುಗಟ್ಟಿದೆ. ಕ್ವಾರಿ ರಸ್ತೆಯ ಮೊದಲ ಮನೆಯ ಮುಂದೆ ವರ್ಲಾ ಬ್ರಾಂಡ್ಟ್ ಬಗ್ಗಿ, ಕೊಕ್ಕೆಯಿಂದ ನೆಲದ ಕಬ್ಬಿಣದ ಮುಚ್ಚಳ ಎತ್ತುತ್ತಾರೆ. ಒಳಗೆ ಜೇಡರ ಬಲೆ, ಅದರಡಿ ನೀರಿನ ಮೀಟರು. ಕೈಗವಸಿನಿಂದ ಗಾಜು ಒರೆಸಿ, ಅಂಕಿ ಬರೆದುಕೊಂಡು, ಮುಚ್ಚಳ ಹಾಕಿ ಮುಂದಿನ ಮನೆಗೆ ನಡೆಯುತ್ತಾರೆ. ವಯಸ್ಸು ಐವತ್ತೆಂಟು. "ಬಗ್ಗೋದು ಪುಕ್ಕಟೆ. ಏಳೋದಕ್ಕೇ ನಂಗೆ ಸಂಬಳ" ಎಂದು ಮಂಡಿ ನೀವಿಕೊಳ್ಳುತ್ತಾರೆ.

ಅಯೋವಾ ರಾಜ್ಯದ ಎಲ್ಡರ್‌ಫೋರ್ಡ್ ಪಟ್ಟಣದಲ್ಲಿ ಸಾವಿರದ ಏಳುನೂರ ಇಪ್ಪತ್ತು ಮೀಟರುಗಳಿವೆ. ದಿನಕ್ಕೆ ನೂರ ನಲವತ್ತು ಮನೆ, ಒಂಬತ್ತು ಮೈಲಿ ನಡಿಗೆ. ಇಪ್ಪತ್ತೆರಡು ವರ್ಷದಿಂದ ವರ್ಲಾ ಇದನ್ನೇ ಮಾಡುತ್ತಿದ್ದಾರೆ. ಎರಡು ಸಲ ನಾಯಿ ಕಚ್ಚಿದೆ, ಒಂದು ಸಲ ಹಿಮದ ಮೇಲೆ ಜಾರಿ ಮಣಿಕಟ್ಟು ಮುರಿದಿದೆ. ಕಲ್ಲುಗಣಿಯಲ್ಲಿದ್ದ ಗಂಡ ಡೇಲ್ ಎದೆಗೆ ದೂಳು ಕಟ್ಟಿ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದು ಈ ಕೊಕ್ಕೆಯೇ.

ಊರಿಗೆ ನಾಲ್ಕು ವಾರ್ಡು. ಕೆಲವು ವರ್ಷದ ಹಿಂದೆ, ಜನಗಣತಿಯ ಲೆಕ್ಕದಲ್ಲಿ, ಒಂದೊಂದರಲ್ಲೂ ಸಾವಿರದ ನಾನೂರು ಜನ, ಪುರಸಭೆಗೆ ಒಬ್ಬೊಬ್ಬ ಸದಸ್ಯ. ವರ್ಲಾ ಇದ್ದ ನಾಲ್ಕನೇ ವಾರ್ಡನ್ನು ನಡೆದು ಮುಗಿಸಲು ನಾಲ್ಕು ದಿನ ಬೇಕಿತ್ತು. ಎರಡನೇ ವಾರ್ಡು ಫ್ಲಾಸ್ಕಿನ ಕಾಫಿ ಆರುವುದರೊಳಗೆ ಮುಗಿಯುತ್ತಿತ್ತು. ಅಲ್ಲಿದ್ದದ್ದು ಮೂವತ್ತೆಂಟು ಮನೆ, ತೊಂಬತ್ತು ಜನ. ಉಳಿದ ಸಾವಿರದ ಮುನ್ನೂರ ಹತ್ತು ಮಂದಿ ರಾಜ್ಯದ ಜೈಲಿನ ಗೋಡೆಯೊಳಗಿದ್ದರು. ಅವರಿಗೆ ಮತವಿಲ್ಲ.

ಇದು ವರ್ಲಾಗೆ ಬಹಳ ವರ್ಷ ಹೊಳೆದಿರಲಿಲ್ಲ. ತಿಂಗಳಿಗೊಮ್ಮೆ ಕಾವಲುಗಾರನ ಜೊತೆ ಜೈಲಿನ ದೊಡ್ಡ ಮೀಟರು ನೋಡಲು ಒಳಗೆ ಹೋಗುತ್ತಾರೆ. ಎಂಟು ವರ್ಷದ ಹಿಂದೆ ಹಾಗೆ ಹೋದಾಗ, ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸಿಗೆಯ ಹೊದಿಕೆ ಮಡಿಸುತ್ತಿದ್ದ ವಯಸ್ಸಾದ ಕೈದಿಯೊಬ್ಬ ಪತ್ರಿಕೆ ತೋರಿಸಿ ಕೇಳಿದ, "ಅಮ್ಮಾ, ನಾವು ಎರಡನೇ ವಾರ್ಡಿನವರಂತೆ. ನಮ್ಮ ಮೆಂಬರ್ ಯಾರು?"

"ಗಾರ್ವಿನ್ ಟೇಟ್ ಅಂತ. ಕಬ್ಬಿಣದಂಗಡಿ ಇಟ್ಟಿದ್ದಾರೆ."

"ಒಳ್ಳೆಯವರಾ?"

"ಒಳ್ಳೆಯವರೇ."

"ಒಂದಿನಾನೂ ಬಂದಿಲ್ಲವಲ್ಲ" ಎಂದು ಅವನು ಮತ್ತೆ ಮಡಿಸತೊಡಗಿದ.

ಆ ಪತ್ರಿಕೆಯಲ್ಲಿ ಚುನಾವಣೆಯ ಫಲಿತಾಂಶವಿತ್ತು. ಗಾರ್ವಿನ್ ಗೆದ್ದದ್ದು ಒಂಬತ್ತು ಮತದ ಅಂತರದಿಂದಲ್ಲ. ಅವರಿಗೆ ಬಿದ್ದದ್ದೇ ಒಂಬತ್ತು ಮತ, ಮನೆಯ ಮೂರೂ ಸೇರಿ. ನಾಲ್ಕನೇ ವಾರ್ಡಿನಲ್ಲಿ ಗೆದ್ದವರಿಗೆ ನಾನೂರ ಹನ್ನೊಂದು ಬೇಕಾಗಿತ್ತು. ಸಭೆಯಲ್ಲಿ ಮಾತ್ರ ಇಬ್ಬರದೂ ಒಂದೊಂದೇ ಕೈ.

ಆ ಕೈಯ ತೂಕ ಕ್ವಾರಿ ರಸ್ತೆಗೆ ಗೊತ್ತು. ವರ್ಲಾರ ಮನೆಯೂ ಇರುವ ತಗ್ಗಿನ ರಸ್ತೆ, ಪ್ರತಿ ವಸಂತದಲ್ಲೂ ಹಿಮ ಕರಗಿದ ನೀರು ನೆಲಮಾಳಿಗೆಗೆ ನುಗ್ಗುತ್ತಿತ್ತು. ದೊಡ್ಡ ಚರಂಡಿ ಬೇಕೆಂಬ ಬೇಡಿಕೆ ಮೂರು ಸಲ ಸಭೆಗೆ ಬಂದು, ಮೂರು ಸಲವೂ ಇಬ್ಬರಿಗಿಬ್ಬರು ಸಮವಾಗಿ ಬಿದ್ದುಹೋಯಿತು. "ನನ್ನ ವಾರ್ಡಿನಲ್ಲಿ ಯಾರೂ ಚರಂಡಿ ಕೇಳಿಲ್ಲ" ಎಂದು ಗಾರ್ವಿನ್ ಪ್ರತಿ ಸಲವೂ ಬೇಡವೆಂದರು. ಅದು ಸುಳ್ಳೂ ಆಗಿರಲಿಲ್ಲ. ಮೂರನೆಯ ವರ್ಷ ವರ್ಲಾರ ನೆರೆಯ ವಿಧವೆ ಓಪಲ್ ಅವರ ನೆಲಮಾಳಿಗೆಯಲ್ಲಿದ್ದ, ಮನೆ ಬೆಚ್ಚಗಿಡುವ ಒಲೆ ನೀರಲ್ಲಿ ಮುಳುಗಿತು. ಎಂಬತ್ತೊಂದರ ಮುದುಕಿ ಹನ್ನೆರಡು ದಿನ ಕೋಟು ತೊಟ್ಟೇ ಮಲಗಿದರು.

ವರ್ಲಾ ಪುರಸಭೆಯಲ್ಲಿ ಎದ್ದು ನಿಂತದ್ದು ಆಗ. ಸಾರ್ವಜನಿಕರಿಗೆ ತಿಂಗಳಿಗೆ ಮೂರು ನಿಮಿಷ. ಕೈದಿಗಳನ್ನು ಬಿಟ್ಟು ವಾರ್ಡಿನ ಗೆರೆ ಎಳೆಯಿರಿ ಎಂದು ಕೇಳಿದರು. "ನಿನ್ನ ಕೆಲಸ ಮೀಟರು ನೋಡೋದು" ಎಂದು ಮೇಲಧಿಕಾರಿ ಗದರಿದರು. ಅಂದಿನಿಂದ ವರ್ಲಾ ಸಮವಸ್ತ್ರ ಬಿಚ್ಚಿಟ್ಟು ಸಭೆಗೆ ಹೋಗತೊಡಗಿದರು. ಮೂರು ವರ್ಷದಲ್ಲಿ ತಪ್ಪಿಸಿದ್ದು ಎರಡೇ ಸಭೆ.

ಒಂದು ದಿನ ಗಾರ್ವಿನ್ ಅಂಗಡಿಯಲ್ಲಿ ಮೊಳೆ ತೂಗುತ್ತಲೇ ಕೇಳಿದರು, "ವರ್ಲಾ, ಆರು ಲಕ್ಷ ಜನ ಇರೋ ವೈಯೋಮಿಂಗಿಗೂ ಇಬ್ಬರು ಸೆನೆಟರು, ನಾಲ್ಕು ಕೋಟಿ ಇರೋ ಕ್ಯಾಲಿಫೋರ್ನಿಯಾಗೂ ಇಬ್ಬರೇ. ದೇಶಾನೇ ಹಿಂಗೆ ನಡೀತಿದೆ. ನಿಂಗೆ ನಾನೊಬ್ಬನೇ ಸಿಕ್ಕಿದ್ನಾ?"

"ಅಲ್ಲಿ ಮೀಟರು ನೋಡೋಳು ನಾನಲ್ಲ, ಗಾರ್ವಿನ್."

ಅವರು ನಕ್ಕು ಎರಡು ಮೊಳೆ ಹೆಚ್ಚಿಗೆ ಹಾಕಿದರು.

ಗೆರೆ ಬದಲಿಸಿ ಎಂಬ ವರ್ಲಾರ ಅರ್ಜಿಗೆ ಆರುನೂರ ಹನ್ನೆರಡು ಸಹಿ ಕೂಡಿತು. ವಿಷಯ ಊರಿನ ಮತಕ್ಕೆ ಹೋಗಿ ಗೆದ್ದಿತು. ಹೊಸ ಗೆರೆಯಲ್ಲಿ ವಾರ್ಡಿಗೆ ಸಾವಿರದ ಎಪ್ಪತ್ತರಷ್ಟು ಜನ; ವರ್ಲಾ, ಓಪಲ್ ಇಬ್ಬರ ಮನೆಯೂ ಸೇರಿ ಕ್ವಾರಿ ರಸ್ತೆಯ ಅರ್ಧ ಎರಡನೇ ವಾರ್ಡಿಗೆ ಬಂತು. ಗಾರ್ವಿನ್ ಮತ್ತೆ ನಿಂತರು, ಆದರೆ ಈ ಸಲ ಮನೆಮನೆ ಹತ್ತಬೇಕಾಯಿತು. ಮೊದಲ ದಿನವೇ ವರ್ಲಾರ ಬಾಗಿಲು ತಟ್ಟಿದರು.

"ಯಾವ ಮನೇಲಿ ನಾಯಿ ಕಚ್ಚುತ್ತೆ, ಅದೊಂದು ಹೇಳ್ಬಿಡು ಮಾರಾಯ್ತಿ."

ವರ್ಲಾ ಏಳು ಮನೆ ಬರೆದುಕೊಟ್ಟರು. ಗಾರ್ವಿನ್ ಮೂವತ್ತೊಂದು ಮತದ ಅಂತರದಲ್ಲಿ ಗೆದ್ದರು. ಓಪಲ್ ಅವರ ನೆಲಮಾಳಿಗೆಗೆ ಇಳಿದು, ಗೋಡೆಯ ಮೇಲಿನ ನೀರಿನ ಗುರುತು ನೋಡಿ ಮೇಲೆ ಬಂದರಂತೆ. ಮುಂದಿನ ಸಭೆಯಲ್ಲಿ ಚರಂಡಿಗೆ ಮೂರನೇ ಕೈ ಎತ್ತಿದ್ದು ಅವರೇ. ಕೊಳವೆ ಹೂತು ಎರಡು ವರ್ಷವಾಯಿತು.

ಅಷ್ಟಕ್ಕೇ ವರ್ಲಾಗೆ ಸಮಾಧಾನವಿಲ್ಲ. "ಮೊದಲು ಆ ಕೈದಿಗಳನ್ನ ಎಣಿಸ್ತಿದ್ವಿ, ಕೇಳ್ತಿರಲಿಲ್ಲ. ಈಗ ಎಣಿಸೋದೂ ಇಲ್ಲ. ಅವರವರ ಊರಲ್ಲಿ, ಅವರ ತಾಯಿ ಇರೋ ಬೀದೀಲಿ ಎಣಿಸಬೇಕಿತ್ತು. ಅದು ನನ್ನ ಕೈಲಾಗೋ ಕೆಲಸ ಅಲ್ಲ. ನಾನು ಮಾಡಿದ್ದು ಅರ್ಧ ನ್ಯಾಯ."

ಚುನಾವಣೆಗೆ ನಿಲ್ಲಿ ಎಂದು ಹಲವರು ಕೇಳಿದ್ದಾರೆ. "ಕೂತು ಅಭ್ಯಾಸ ಇಲ್ಲ" ಎಂದು ತಳ್ಳಿಹಾಕುತ್ತಾರೆ. ಬರುವ ವರ್ಷ ರೇಡಿಯೋ ಮೀಟರು ಬರಲಿವೆ. ವ್ಯಾನೊಂದು ಬೀದಿಯಲ್ಲಿ ಹಾದುಹೋದರೆ ಅಂಕಿಯೆಲ್ಲ ತಾನಾಗಿ ಬಂದುಬೀಳುತ್ತದೆ, ಬಗ್ಗುವವರು ಬೇಕಿಲ್ಲ. ವರ್ಲಾ ಅದಕ್ಕೆ ಬೇಸರ ಪಡುವುದಿಲ್ಲ. ಪುರಸಭೆಗೆ ಒಂದೇ ಒಂದು ಕೋರಿಕೆ ಬರೆದುಕೊಟ್ಟಿದ್ದಾರೆ.

"ವರ್ಷಕ್ಕೊಂದು ಸಲ ಯಾರಾದ್ರೂ ಇಷ್ಟೂ ಮನೆ ನಡೀಲಿ. ಗಾರ್ವಿನ್ನೇ ನಡೀಲಿ, ಬೇಕಾದ್ರೆ ನಾನೂ ಜೊತೇಲಿ ಹೋಗ್ತೀನಿ."