ನೆಲಕ್ಕೆ ಸಮನಾದ ಹೊಸಿಲು

ಮೊನ್ನೆ ನರಸಿಂಹರಾಜಪುರದಲ್ಲಿ ಮಗಳು ಕಟ್ಟಿಸುತ್ತಿರುವ ಮನೆಗೆ ಹೋಗಿದ್ದೆ. ಒಳಗೆ ಕಾಲಿಡುತ್ತಿದ್ದಂತೆ ಹಲಸಿನ ಮರ ಕೊಯ್ದ ವಾಸನೆ ಮೂಗಿಗೆ ಬಂತು. ನೆಲದ ತುಂಬ ಹಳದಿ ಹೊಟ್ಟು. ಹಾಗೇ ನಿಂತುಬಿಟ್ಟೆ... ನಮ್ಮ ಮನೆಯ ಮರಗೆಲಸ ಮಾಡಿದ ಆಚಾರ್ರು ಎದುರಿಗೇ ಕೂತು ಉಳಿ ಮಸೆಯುತ್ತಿರುವಂತೆ ಅನಿಸಿತು.

ಎರಡು ಸಾವಿರದ ಐದು, ಆರರ ಸುಮಾರಿಗೆ ಕೊಪ್ಪದಲ್ಲಿ ನಾವು ಮನೆ ಕಟ್ಟಿಸಿದೆವು. ಹಲ್ಲಿನ ಡಾಕ್ಟರಿಗೆ ಕಾಯುತ್ತ ಕೂತಾಗ ಮ್ಯಾಗಜೀನೊಂದರಲ್ಲಿ ಖಾಲಿ ಖಾಲಿ ಮನೆಯ ಫೋಟೋ ನೋಡಿ ನಾನು ಮರುಳಾಗಿದ್ದೆ. ಬಿಳಿ ಗೋಡೆ, ಒಂದು ತಗ್ಗಿನ ಬೆಂಚು, ಅಷ್ಟೇ. ಶೋಕೇಸ್ ಬೇಡ, ಕೆತ್ತನೆ ಬೇಡ, ಗೋಡೆಗೆ ಒಂದು ಮೊಳೆಯೂ ಬೇಡ ಎಂದು ಹಟ ಹಿಡಿದೆ. ಒಳಗಿನ ಯಾವ ಬಾಗಿಲಿಗೂ ಹೊಸಿಲು ಬೇಡ, ನೆಲ ಈ ತುದಿಯಿಂದ ಆ ತುದಿಗೆ ಒಂದೇ ಸಮ ಕಾಣಬೇಕು. "ಕಳ್ಳರು ಬಂದು ಹೋದ ಮನೆ ಹಂಗಿರ್ತದೆ ಬಿಡು" ಎಂದು ನಮ್ಮನೆಯವರು ನಕ್ಕರು.

ಹಿರೇಕೊಡಿಗೆಯಿಂದ ಬರುತ್ತಿದ್ದ ಆಚಾರ್ರು ಶೋಕೇಸ್ ಬಿಟ್ಟುಕೊಟ್ಟರು, ಕೆತ್ತನೆಯನ್ನೂ ಬಿಟ್ಟುಕೊಟ್ಟರು. ಹೊಸಿಲಿನ ಮಾತು ಬಂದಾಗ ಮಾತ್ರ ಉಳಿ ಕೆಳಗಿಟ್ಟರು.

"ದೇವರ ಕೋಣೆಗಾದ್ರೂ ಹೊಸಿಲು ಬೇಕಮ್ಮ. ಇಲ್ದಿದ್ರೆ ಆ ಬಾಗಿಲು ನಾನು ಮಾಡಲ್ಲ."

ಕೆಲಸ ನೋಡಲು ಬಂದಿದ್ದ ಅತ್ತೆಯೂ ಅವರ ಕಡೆಯೇ. ಅದಕ್ಕೂ ಎರಡು ವರ್ಷ ಮೊದಲು ಲಕ್ವ ಹೊಡೆದು ಅತ್ತೆಯ ಎಡಗಾಲು ಎಳೆಯುತ್ತಿತ್ತು. ಆಗ ನಾವಿದ್ದ ಬಾಡಿಗೆ ಮನೆಯಲ್ಲಿ ದೇವರ ಕೋಣೆಯ ಹೊಸಿಲು ಎತ್ತರ. ಒಮ್ಮೆ ಎಡವಿ ಬಿದ್ದ ಮೇಲೆ ಅವರು ಅದನ್ನು ದಾಟುವುದನ್ನೇ ಬಿಟ್ಟಿದ್ದರು. ದೀಪ ಹಚ್ಚುವುದು, ಹೊಸಿಲಿಗೆ ಅರಿಶಿನ ಕುಂಕುಮ ಇಡುವುದು ಎಲ್ಲ ನನ್ನ ಪಾಲಿಗೆ ಬಂದಿತ್ತು. ಅವರು ದೂರದ ಕುರ್ಚಿಯಲ್ಲಿ ಕೂತು ಕೈಮುಗಿಯುತ್ತಿದ್ದರು. ಅಷ್ಟಾದರೂ "ಹೊಸಿಲಿಲ್ಲದ ದೇವರ ಕೋಣೆ ಎಂತ ಚಂದ?" ಎಂದರು.

"ನಿಮ್ಮ ಕಾಲಿಗೆ ಅಂತಲೇ ಬೇಡ ಅಂದದ್ದು, ಅತ್ತೆ" ಎಂದೆ. ಸುಳ್ಳು. ಆ ನೆಪ ನನಗೆ ಹೊಳೆದದ್ದೇ ಆ ಕ್ಷಣದಲ್ಲಿ. ನನಗೆ ಬೇಕಿದ್ದದ್ದು ಫೋಟೋದಲ್ಲಿದ್ದ ನೆಲ.

ಆಚಾರ್ರು ವಾದಕ್ಕಿಳಿಯಲಿಲ್ಲ. ಕಿವಿಗೆ ಸಿಕ್ಕಿಸಿದ್ದ ಚಪ್ಪಟೆ ಪೆನ್ಸಿಲು ತೆಗೆದು ನೆಲದ ಮೇಲೆ ಅಡ್ಡ ಇಟ್ಟರು. "ದೊಡ್ಡಮ್ಮ, ಇದನ್ನ ಒಂಚೂರು ದಾಟಿ, ನೋಡುವ."

ಅತ್ತೆ ಗೋಡೆ ಹಿಡಿದು ಬಂದರು. ಬಲಗಾಲು ದಾಟಿತು. ಎಡಗಾಲಿನ ಬೆರಳು ತಾಗಿ ಪೆನ್ಸಿಲು ಸರಿಯಿತು. ಆ ಕಾಲು ಪೆನ್ಸಿಲಿನಷ್ಟೂ ಮೇಲೇಳುವುದಿಲ್ಲ ಎಂಬುದನ್ನು ಒಂದೇ ಮನೆಯಲ್ಲಿದ್ದ ನಾನು ಎರಡು ವರ್ಷದಲ್ಲಿ ಗಮನಿಸಿರಲಿಲ್ಲ. ನನಗೆ ತುಂಬ ನಾಚಿಕೆಯಾಯಿತು.

ಮೂರನೇ ದಿನ ಆಚಾರ್ರು ದೇವರ ಕೋಣೆಯ ಬಾಗಿಲಲ್ಲಿ ನೆಲ ಅಗೆಸಿ, ಹಲಸಿನ ದಪ್ಪ ಹಲಗೆಯೊಂದನ್ನು ಅದರೊಳಗೆ ಕೂರಿಸಿದರು. ಮೇಲಿನ ಮೈ ನೆಲಕ್ಕೆ ಸರಿಸಮ. ಕೈಯಾಡಿಸಿದರೆ ನೆಲ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಎಂದೇ ತಿಳಿಯುತ್ತಿರಲಿಲ್ಲ.

"ಹೊಸಿಲು ಇರಬೇಕು ಅಂತ ಶಾಸ್ತ್ರ ಅಮ್ಮ. ಎಡವಬೇಕು ಅಂತ ಎಲ್ಲೂ ಇಲ್ಲ" ಎಂದರು.

ಗೃಹಪ್ರವೇಶದ ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆ ದೇವರ ಕೋಣೆಯೊಳಗಿದ್ದರು. ದೀಪ ಉರಿಯುತ್ತಿತ್ತು. ಸ್ಟೂಲಿನ ಮೇಲೆ ಕೂತು, ಬಗ್ಗಿ, ಹೊಸಿಲಿಗೆ ಸೊಟ್ಟಸೊಟ್ಟಗೆ ಅರಿಶಿನ ಕುಂಕುಮ ಹಚ್ಚಿದ್ದರು. ನನ್ನ ಬಿಳಿ ಮನೆಯಲ್ಲಿ ಬಣ್ಣ ಎಂದು ಇದ್ದದ್ದು ಅದೊಂದೇ. ಅತ್ತೆ ಬದುಕಿದ್ದಷ್ಟು ವರ್ಷ ಆ ಕೆಲಸ ಮತ್ತೆ ನನ್ನ ಪಾಲಿಗೆ ಬರಲಿಲ್ಲ.

ಆಚಾರ್ರು ತೀರಿಕೊಂಡು ಎಷ್ಟೋ ವರ್ಷವಾಯಿತು. ಸುದ್ದಿ ನಮಗೆ ಮುಟ್ಟಿದ್ದೇ ತಿಂಗಳು ಕಳೆದ ಮೇಲೆ. ಅವತ್ತಿನ ನನ್ನ ಸುಳ್ಳು ಅವರಿಗೆ ಗೊತ್ತಾಗಿತ್ತೋ ಏನೋ... ಕೇಳಬೇಕಿತ್ತು, ಕೇಳಲಿಲ್ಲ.

"ಅಮ್ಮಾ, ದೇವರ ಕೋಣೆ ಹೊಸಿಲು ಎಷ್ಟು ಎತ್ತರ ಇಡಿಸ್ಲಿ?" ಮಗಳು ಕೂಗಿದಳು.

ಬಡಗಿಯ ಹತ್ತಿರ ಪೆನ್ಸಿಲು ಇಸಿದುಕೊಂಡೆ. ಅಜ್ಜಿಯ ಕಥೆ ಹೇಳೋಣವೆಂದು ಅದನ್ನು ನೆಲದ ಮೇಲೆ ಇಟ್ಟು, ಅತ್ತೆ ದಾಟಿದ ಹಾಗೇ ನಾನೂ ದಾಟಿದೆ. ನನ್ನ ಮಂಡಿನೋವಿನ ವಿಷಯ ಮಗಳಿಗೆ ಇನ್ನೂ ಹೇಳಿರಲಿಲ್ಲ. ಬೆರಳು ತಾಗಿತು. ಪೆನ್ಸಿಲು ಸರಿಯಿತು.

ಮಗಳು ನನ್ನ ಕಾಲನ್ನೇ ನೋಡಿದಳು. ಪೆನ್ಸಿಲು ಎತ್ತಿ ಬಡಗಿಯ ಕೈಗೆ ಕೊಟ್ಟು, "ನೆಲಕ್ಕೆ ಸಮ ಕೂರಿಸಿ" ಎಂದಳು.